ಸೀಟಿನಡಿಯ ಹಗ್ಗ

"ಟೂ ವೀಲ್ ಡ್ರೈವ್ ಸಾಕು, ಅದನ್ನೇ ಬರೆಯಿರಿ," ಎಂದು ರೊಸಾರಿಯೊ ಹೇಳುವ ಹೊತ್ತಿಗೆ ಅವನ ಹೆಂಡತಿ ಆಂಜೆಲಾ ಒಂದು ಹಗ್ಗವನ್ನು ತಂದು ಬನ್ನಂಜೆಯ ಷೋರೂಮಿನ ಮೇಜಿನ ಮೇಲೆ ಇಟ್ಟಳು. ಎಕ್ಸ್‌ಚೇಂಜಿಗೆ ಕೊಡುವ ಹಳೆಯ ಪಿಕಪ್ಪನ್ನು ಖಾಲಿ ಮಾಡಲು ಹೋದವಳಿಗೆ ಅದು ಸೀಟಿನಡಿ ಸಿಕ್ಕಿತ್ತು. ಮಲ್ಪೆಯ ಬೋಟಿನ ದಪ್ಪ ಹಗ್ಗ. ಅದಕ್ಕೆ ಅಂಟಿದ್ದ ಕೆಂಪು ಕೆಸರು ಒಣಗಿ ಮೇಜಿನ ಮೇಲೆ ಉದುರಿತು. ಬುಕಿಂಗ್ ಫಾರ್ಮ್ ತುಂಬುತ್ತಿದ್ದ ಷೋರೂಮಿನ ಸಮೀನಾ ಬರೆಯುವುದನ್ನು ನಿಲ್ಲಿಸಿ ಪೆನ್ನು ಎತ್ತಿದಳು.

"ಇದು ಎಂತಕ್ಕೆ ಇಲ್ಲಿ?" ರೊಸಾರಿಯೊಗೆ ಸಿಟ್ಟು ಬಂತು. "ಎಳನೀರಿನ ಬೊಂಡ ತುಂಬಿಸಿಕೊಂಡು ಪೆರ್ಡೂರಿನಿಂದ ಮಣಿಪಾಲಕ್ಕೆ ಹೋಗುವುದು ಟಾರು ರಸ್ತೆಯಲ್ಲಿ. ಮನೆಯ ಏರು ಒಂದೇ ಕಷ್ಟ, ಅದೂ ಮಳೆಗಾಲದಲ್ಲಿ. ಟಯರ್ ಹೂತರೆ ಎಳೆಯಲಿಕ್ಕೆ ಪಕ್ಕದ ಮನೆಯ ಹಕೀಮಾಕನ ಜೀಪ್ ಉಂಟಲ್ವಾ?"

"ಜೀಪ್ ಉಂಟು. ಹಕೀಮಾಕನಿಗೆ ಎಪ್ಪತ್ತೆರಡಾಯಿತು," ಎಂದಳು ಆಂಜೆಲಾ. "ಮೊನ್ನೆ ಕೆಸರಿನಲ್ಲಿ ಕೂತು ನಮ್ಮ ಗಾಡಿಯ ಮುಂದಿನ ಹುಕ್ಕಿಗೆ ಹಗ್ಗ ಹಾಕಿದವರಿಗೆ ಮತ್ತೆ ಏಳಲಿಕ್ಕೆ ಆಗಲಿಲ್ಲ. ನಾನು ಕೈ ಹಿಡಿದು ಎಬ್ಬಿಸಿದೆ. ನೀವು ಒಳಗೆ ಕೂತು ಹಾರ್ನ್ ಹೊಡೆಯುತ್ತಿದ್ದಿರಿ."

ರೊಸಾರಿಯೊ ಹಗ್ಗವನ್ನು ಕೈಗೆತ್ತಿಕೊಂಡ. ಹಗ್ಗದ ತುದಿಯಲ್ಲಿ ಹಕೀಮಾಕ ಹಾಕಿದ್ದ ಕುಣಿಕೆ ಹಾಗೆಯೇ ಇತ್ತು. ಅದರ ಗಂಟು ಬಿಚ್ಚಲು ನೋಡಿದ, ಬರಲಿಲ್ಲ. ಹಗ್ಗವನ್ನು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡ.

"ಫೋರ್ ವೀಲೇ ಬರೆಯಿರಿ," ಎಂದ ಸಮೀನಾಳಿಗೆ. "ಹುಕ್ಕು ಮಾತ್ರ ಹಿಂದೆ ಗಟ್ಟಿ ಇರಬೇಕು, ಹಕೀಮಾಕನ ಜೀಪ್ ಹೂತರೆ ಎಳೆಯಲಿಕ್ಕೆ. ಮುಂದೆ ಇಲ್ಲದಿದ್ದರೂ ಅಡ್ಡಿ ಇಲ್ಲ."