ಬದುಕಿದ್ದವಳ ಪಟಕ್ಕೆ ಕರಿ ರಿಬ್ಬನ್

"ನಾನು ಯಾವಾಗ ಸತ್ತೆ ಅಂತ ಸ್ವಲ್ಪ ಹೇಳ್ತೀಯಾ?" ಎಂದು ಯೊನ್‌ಹ್ವಾ ಮೂರನೆಯ ಸಾಲಿನಿಂದ ಎದ್ದು ಕೇಳಿದಾಗ, ವೇದಿಕೆಯ ಮೇಲಿದ್ದ ನಿರ್ದೇಶಕ ಗಿಥೇಯ ಕೈಯಿಂದ ಮೈಕು ಜಾರಿತು. ಅದು ಬಿದ್ದ ಸದ್ದಿಗೆ ಇಂಚೋನ್ ಬಂದರಿನಲ್ಲಿ ನಿಂತಿದ್ದ ಹಡಗುಗಳೆಲ್ಲ ಒಮ್ಮೆ ಬೆಚ್ಚಿಬಿದ್ದವು.

ಸಿನಿಮಾ ಆಗಷ್ಟೇ ಮುಗಿದು, ನಿರ್ದೇಶಕನ ಜೊತೆ ಪ್ರೇಕ್ಷಕರ ಮಾತುಕತೆ ಶುರುವಾಗಿತ್ತು. ಕತೆ ಇಷ್ಟೇ: ಸತ್ತ ಪ್ರೇಯಸಿಯ ಆತ್ಮ ಪ್ರಿಯಕರನ ಮನೆಯ ಅನ್ನದ ಕುಕ್ಕರಿನೊಳಗೆ ಸೇರಿಕೊಂಡು, ಅನ್ನ ಬೆಂದಾಗಲೆಲ್ಲ ಅವನ ಜೊತೆ ಮಾತಾಡುತ್ತದೆ. ಆ ದೇಶದ ಕರೆಂಟಿನ ಕುಕ್ಕರುಗಳು ಹೇಗೂ "ಅನ್ನ ಆಯಿತು, ತಿರುವಿ ಹಾಕಿ" ಎಂದು ಹೆಂಗಸಿನ ದನಿಯಲ್ಲಿ ಉಲಿಯುತ್ತವೆ. ಗಿಥೇ ಅದಕ್ಕೆ ನಾಲ್ಕು ಪ್ರೇಮದ ಮಾತು ಸೇರಿಸಿದ್ದ. ನಾಯಕಿಯನ್ನು ಕರೆತರುವಷ್ಟು ದುಡ್ಡು ಇರಲಿಲ್ಲ, ಆದ್ದರಿಂದ ದನಿ ಮಾತ್ರ. ಅವಳ ಮುಖ ಕಾಣುವುದು ಒಂದೇ ಕಡೆ, ಸಾವಿನ ಮನೆಯ ಬಿಳಿ ಸೇವಂತಿಗೆಗಳ ನಡುವೆ, ಕರಿ ರಿಬ್ಬನ್ ಕಟ್ಟಿದ ಪಟದಲ್ಲಿ. ಆ ಮುಖ ಅವನನ್ನು ಬಿಟ್ಟುಹೋಗಿದ್ದ ಯೊನ್‌ಹ್ವಾಳದು.

ಮೊದಲ ಪ್ರದರ್ಶನ ನೋಡಿದ ನೆರೆಮನೆಯ ಮೀನಿನಾಕೆ, ಸಾವಿನ ಮನೆಗೆ ಒಯ್ಯುವ ಹಣದ ಬಿಳಿ ಲಕೋಟೆ ಹಿಡಿದು ಅಳುತ್ತ ಬಂದಿದ್ದಳು. ಬಾಗಿಲು ತೆರೆದವಳು ಯೊನ್‌ಹ್ವಾಳೇ. ಮೀನಿನಾಕೆ ಕಿರುಚಿದ್ದಕ್ಕೆ ಇಡೀ ಕೇರಿಯ ಹೆಂಚು ಸಡಿಲವಾದವು. ಅಂದಿನಿಂದ ಯೊನ್‌ಹ್ವಾಳ ಅಮ್ಮ ಬದುಕಿದ್ದವರ ಪಟಕ್ಕೆ ಕರಿ ರಿಬ್ಬನ್ ಬಿದ್ದರೆ ಸಾವು ಹುಡುಕಿಕೊಂಡು ಬರುತ್ತದೆಂದು ಹೆದರಿ, ಕೆಟ್ಟದ್ದು ಕಳೆಯಲು ಹೊಸ್ತಿಲಿಗೆ ಎರಚಿದ ಕಲ್ಲುಪ್ಪಿನಲ್ಲಿ ಊರಿಗೆಲ್ಲ ವರ್ಷದ ಕಿಮ್ಚಿ ಉಪ್ಪಿನಕಾಯಿ ಹಾಕಬಹುದಿತ್ತು. ಹುಟ್ಟುಹಬ್ಬಕ್ಕೆ ಮಾಡುವ ಕಡಲಪಾಚಿಯ ಸಾರನ್ನು ದಿನ ಬೆಳಗಾದರೆ ಮಗಳಿಗೆ ಕುಡಿಸುತ್ತಿದ್ದಳು, ಇವಳು ಇವತ್ತಷ್ಟೇ ಹುಟ್ಟಿದ್ದಾಳೆಂದು ಮೇಲಿನವರನ್ನು ನಂಬಿಸುವವಳ ಹಾಗೆ. ಮುಂದಿನ ವಾರ ಸಿನಿಮಾ ದೇಶದ ತುಂಬ ಬಿಡುಗಡೆಯಾಗುವುದಿತ್ತು.

"ಸಿನಿಮಾದಿಂದ ಆ ಪಟ ಕತ್ತರಿಸಿ ಹಾಕು," ಎಂದಳು ಯೊನ್‌ಹ್ವಾ. "ಅಷ್ಟು ಮಾಡು, ಹೊರಟುಹೋಗ್ತೀನಿ."

ಗಿಥೇ ಮೈಕು ಎತ್ತಿಕೊಂಡ. ಅದು ಕೈಗೆ ಬಂದರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. "ಸ್ನೇಹಿತರೇ, ಇವಳೇ ಅವಳು. ನನ್ನ ಕುಕ್ಕರಿನ ಹುಡುಗಿ."

ಸಭೆ ಬೆಣ್ಣೆಯಂತೆ ಕರಗಿತು. ಹಿಂದಿನ ಸಾಲಿನಲ್ಲಿ, ಎಲ್ಲರಿಗೂ ಹಂಚಲೆಂದು ಅಕ್ಕಿ ಕಡುಬಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಗಿಥೇಯ ತಾಯಿ ಕತ್ತು ಉದ್ದ ಮಾಡಿ ನೋಡಿದಳು. ಮುಂದಿನ ಸಾಲಿನ ಹುಡುಗಿಯರು ಕಣ್ಣೊರೆಸಿಕೊಂಡ ಕಾಗದಕ್ಕೆ ಒಂದು ಕಾಡನ್ನೇ ಕಡಿದಿರಬೇಕು.

"ಪುಣ್ಯ ಮಾಡಿದ್ರಿ ಅಕ್ಕಾ," ಎಂದಳು ಅವರಲ್ಲೊಬ್ಬಳು. "ಇಷ್ಟು ಪ್ರೀತಿಸೋರು ಯಾರಿಗೆ ಸಿಗ್ತಾರೆ?"

"ಪ್ರೀತಿನಾ? ನನ್ನ ಕೇಳ್ದೆ ನನ್ನ ಹೆಣ ಮಾಡಿದಾನೆ ಕಣಮ್ಮಾ."

"ಕೇಳೋಣ ಅಂದ್ರೆ ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದೆ," ಎಂದ ಗಿಥೇ.

"ಬ್ಲಾಕ್ ಮಾಡಿದೋರೆಲ್ಲ ಸತ್ತಂಗೇನೋ? ಹಾಗಾದ್ರೆ ನಿನ್ನ ಪಾಲಿಗೆ ಅರ್ಧ ಇಂಚೋನ್ ಸ್ಮಶಾನ."

ಸಭೆ ನಕ್ಕಿತು. ಗಿಥೇ ನಗಲಿಲ್ಲ. ದನಿಗೆ ಒಂದು ಡಬ್ಬಿ ಜೇನು ಸುರಿದುಕೊಂಡು ಹೇಳಿದ: "ಆ ಪಟ ಇಲ್ದೆ ಸಿನಿಮಾನೇ ಇಲ್ಲ. ನಾನು ನಿಜವಾಗ್ಲೂ ಪ್ರೀತಿಸಿದ ಮುಖ ಅದೊಂದೇ. ಇದು ಕಲೆ ಕಣೇ. ಕಲೆಯಲ್ಲಿ ಶಕುನ, ಅಪಶಕುನ ಅಂತೆಲ್ಲ ಇರಲ್ಲ. ಓದಿದೋಳು ನೀನು, ನಿಮ್ಮಮ್ಮನ ಹಾಗೆ ಆಡ್ಬೇಡ."

ಅಮ್ಮನ ಮಾತು ಬಂದದ್ದೇ ತಡ, ಯೊನ್‌ಹ್ವಾಳ ಎರಡೂ ಕಿವಿಯಿಂದ ಹಬೆ ಹೊರಟಿತು. ವೇದಿಕೆಯ ಮೇಜಿನ ಮೇಲೆ ಸಿನಿಮಾದ ಆ ಕುಕ್ಕರನ್ನೂ ಪಟವನ್ನೂ ಪ್ರಚಾರಕ್ಕೆಂದು ಇಟ್ಟಿದ್ದರು. ಪಕ್ಕದಲ್ಲಿ ಆಳೆತ್ತರದ ಚೌಕಟ್ಟಿನಲ್ಲಿ ಗಿಥೇಯ ನಗುಮುಖ. ಅವಳು ಮೆಟ್ಟಿಲನ್ನು ಲೆಕ್ಕಕ್ಕೇ ಇಡದೆ ಮೇಲೆ ಹಾರಿದಳು.

"ಮೂರು ವರ್ಷ ಇವನು ಕತೆ ಬರೀತಾ ಕೂತಿದ್ದ," ಎಂದು ಸಭೆಗೆ ಹೇಳಿದಳು. "ಔಷಧಿ ಅಂಗಡೀಲಿ ಹಗಲೆಲ್ಲ ನಿಂತು, ಬಂದು ಅನ್ನಕ್ಕೆ ಇಡ್ತಿದ್ದೋಳು ನಾನು. ಬದುಕಿದ್ದಾಗ ಕುಕ್ಕರ್ ಮುಂದೆ ನಿಲ್ಲಿಸ್ದ. ಸಾಯಿಸಿದ ಮೇಲಾದ್ರೂ ಬೇರೆ ಜಾಗ ತೋಚ್ತಾ ಇವನಿಗೆ? ಕುಕ್ಕರ್ ಒಳಗೇ ತುಂಬಿಟ್ಟ."

ಪುಣ್ಯದ ಮಾತಾಡಿದ್ದ ಹುಡುಗಿ ಕಾಗದವನ್ನು ಮೆಲ್ಲಗೆ ಮಡಿಚಿ ಚೀಲದೊಳಗಿಟ್ಟಳು.

ಯೊನ್‌ಹ್ವಾ ತನ್ನ ಪಟದಿಂದ ಕರಿ ರಿಬ್ಬನ್ ಬಿಚ್ಚಿದಳು. ಆತುರಪಡಲಿಲ್ಲ. ಗಿಥೇಯ ನಗುಮುಖದ ಚೌಕಟ್ಟಿನ ಬಳಿ ಹೋಗಿ, ನೆತ್ತಿಯ ಮೇಲಿಂದ ಎರಡೂ ಕಡೆಗೆ ಇಳಿಬಿಟ್ಟು, ಸಾವಿನ ಮನೆಯಲ್ಲಿ ಕಟ್ಟುವ ಹಾಗೆಯೇ ಅಂದವಾಗಿ ಕಟ್ಟಿದಳು.

ಗಿಥೇ ಕುರ್ಚಿ ಉರುಳಿಸಿಕೊಂಡು ಓಡಿಬಂದ. "ಬಿಚ್ಚೇ ಅದನ್ನ. ನಮ್ಮಮ್ಮ ಹಿಂದೆ ಕೂತಿದಾಳೆ ಕಣೇ. ನೋಡಿದ್ರೆ ಅವಳ ಎದೆ ಒಡೆದು ಹೋಗುತ್ತೆ."

ಮೈಕು ಇನ್ನೂ ಅವನ ಕೈಯಲ್ಲೇ ಇತ್ತು. ಆ ಮಾತು ಗೋಡೆ ಗೋಡೆಗೆ ಬಡಿದು ಎಲ್ಲರ ಕಿವಿಗೂ ಎರಡೆರಡು ಸಲ ಬಿತ್ತು.

"ಕಲೆ ಕಣೋ," ಎಂದಳು ಯೊನ್‌ಹ್ವಾ.

ಅವನು ರಿಬ್ಬನ್ ಕಿತ್ತು ಜೇಬಿಗೆ ತುರುಕಿದ. ತಕ್ಷಣ ಕೆಂಡ ಮುಟ್ಟಿದವನಂತೆ ಹೊರಗೆಳೆದ. ಸಹಾಯಕನ ಕಡೆ ಚಾಚಿದ. ಸಹಾಯಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಮೇಜಿನ ಮೇಲೆ ರಿಬ್ಬನ್ ಇಲ್ಲದ ಪಟದಲ್ಲಿ ಯೊನ್‌ಹ್ವಾ ನಗುತ್ತಿದ್ದಳು. ಅದರತ್ತ ರಿಬ್ಬನ್ ಹಿಡಿದ ಅವನ ಕೈ ಹೋಯಿತು, ಅರ್ಧಕ್ಕೇ ನಿಂತಿತು. ಹಿಂದಿನ ಸಾಲಿನಲ್ಲಿ ಅವನ ತಾಯಿ ಎದ್ದು ನಿಂತಿದ್ದಳು. ಕಡುಬಿನ ಬುಟ್ಟಿ ಕಾಲ ಬಳಿ ಬೋರಲಾಗಿತ್ತು. ಆಕೆ ನೋಡುತ್ತಿದ್ದುದು ಮಗನ ಮುಖವನ್ನಲ್ಲ, ಆ ಕೈ ರಿಬ್ಬನನ್ನು ಎಲ್ಲಿ ಇಡುತ್ತದೆ ಎಂಬುದನ್ನು.