ಪಿತ್ತ, ರಾಕ್ಷಸ, ಬಹಿರ್ಮುಖಿ

ಕಟಕ್.

ಪುಷ್ಪಮ್ಮ ಕಣ್ಣು ಬಿಟ್ಟಳು. ಗಡಿಯಾರ ಹನ್ನೆರಡು ಹೊಡೆದು ಬಹಳ ಹೊತ್ತಾಗಿತ್ತು. ಜಗಲಿಯಲ್ಲಿ ಯಾರೋ ಅಡಕತ್ತರಿ ಒತ್ತುತ್ತಿದ್ದರು. ಅವಳು ದಿಂಬಿನಡಿಯಿಂದ ನೋಟುಬುಕ್ಕು ತೆಗೆದು, ಕಂದೀಲಿನ ಬತ್ತಿ ಏರಿಸಿ, ಹದಿಮೂರನೆಯ ಪ್ರಶ್ನೆ ಬರೆದಳು: 'ಪರರ ಮನೆಯಲ್ಲಿ ಸದ್ದು ಮಾಡಲು ಹಿಂಜರಿಯುವನೇ?' ಉತ್ತರ: 'ಇಲ್ಲ.' ಹೊಡೆದು ಹಾಕಿದಳು. 'ಬಹುಶಃ ಇಲ್ಲ.' ಅದನ್ನೂ ಹೊಡೆದು ಹಾಕಿದಳು.

"ಬತ್ತಿ ಇಳ್ಸೇ ಮಾರಾಯ್ತಿ," ಪಕ್ಕದಲ್ಲಿ ಮಲಗಿದ್ದ ತಂಗಿ ಮೂಕಮ್ಮ ಗೊಣಗಿದಳು. "ಬೇಕಾದ್ರೆ ಒಪ್ಪು, ಬ್ಯಾಡ ಅಂದ್ರೆ ಬಿಡು. ಗಂಡಿಗೆ ಯಾರಾದ್ರೂ ಪರೀಕ್ಷೆ ಇಡ್ತಾರಾ?"

ಜಗಲಿಯಲ್ಲಿದ್ದವರು ತೀರ್ಥಹಳ್ಳಿಯಿಂದ ಹೆಣ್ಣು ನೋಡಲು ಬಂದ ಅಣ್ಣ ತಮ್ಮ. ಅಣ್ಣ ಮಾರಪ್ಪ ಸಂಸಾರಸ್ಥ. ತಮ್ಮ ಭೂತಪ್ಪ ಅಂಚೆ ಕಚೇರಿಯ ಗುಮಾಸ್ತ; ಅವನೇ ವರ. ಹೊಸನಗರದ ಕೊನೆಯ ಬಸ್ಸು ತಪ್ಪಿ ಇಬ್ಬರೂ ಉಳಿದಿದ್ದರು. ಬೆಳಗಿನ ಏಳರ ಬಸ್ಸಿಗೆ ಮೊದಲು ಪುಷ್ಪಮ್ಮ ಹೂಂ ಅಥವಾ ಊಹೂಂ ಅನ್ನಬೇಕಿತ್ತು.

ಅವಳಿಗೆ ಬೇಕಿದ್ದುದು ಒಂದೇ: ಕೂಗಾಡದ ಗಂಡ. ತೀರಿಕೊಂಡ ಅಪ್ಪ ಜಗಲಿಯಲ್ಲಿ ನಿಂತು ಕೂಗಿದರೆ ಕೊಟ್ಟಿಗೆಯ ಎಮ್ಮೆ ಹಾಲು ಏರಿಸಿಕೊಳ್ಳುತ್ತಿತ್ತು. ಎಮ್ಮೆಯಾದರೂ ಇಪ್ಪತ್ತು ಅಡಿ ದೂರದಲ್ಲಿತ್ತು.

ಹಾಗಾಗಿ ಅವಳು ಭೂತಪ್ಪನ ಸ್ವಭಾವವನ್ನು ಮೂರು ದಾರಿಯಿಂದ ಅಳೆದಿದ್ದಳು.

ಮೊದಲನೆಯದು ಜಾತಕ. ನೋಡಿದವರು ಸೋದರಮಾವ ಶೇಷಪ್ಪ. ರಾಕ್ಷಸಗಣ ಎಂದರು.

"ಗಣದಲ್ಲಿ ಎಂಥ ಉಂಟು?" ಎಂದಿದ್ದಳು ಅಮ್ಮ. "ನಿಮ್ಮಪ್ಪಂದು ದೇವಗಣ."

ಎರಡನೆಯದು ನಾಡಿ. ನಾಡಿ ನೋಡುವ ಸುಬ್ಬಪ್ಪ ಪಂಡಿತರದು ಒಂದು ಕಟ್ಟುಪಾಡಿತ್ತು. ಮುಖ ಕಂಡರೆ ನಾಡಿ ಸುಳ್ಳು ಹೇಳುತ್ತದೆ. ಆದ್ದರಿಂದ ಅವರು ನಡುಕೋಣೆಯಲ್ಲಿ ಒಬ್ಬರೇ ಕೂತು, ಎರಡು ಬಾಗಿಲಿಗೂ ಪರದೆ ಎಳೆಸುತ್ತಿದ್ದರು. ಸಂಜೆ ಗಂಡಿನ ಪಾಳಿಗೆ ಜಗಲಿಯ ಕಡೆಯಿಂದ ಒಂದು ಕೈ ಒಳಗೆ ಬಂತು. "ಪಿತ್ತ. ಕುದಿಯೋ ಹಂಡೆ," ಎಂದರು. ಹೆಣ್ಣಿನ ಪಾಳಿಗೆ ಅಡಿಗೆಮನೆಯ ಕಡೆಯಿಂದ ಇನ್ನೊಂದು ಬಂತು. "ಕಫ. ಬಂಡೆ ಇದ್ದಂಗೆ. ಹುಲಿಕಲ್ ಘಾಟಿಯಲ್ಲಿ ಹುಲಿ ಎದುರು ಬಂದ್ರೂ ಈ ನಾಡಿ ಓಡೂದಿಲ್ಲ." ಅಮ್ಮ ಜೋರಾಗಿ ಕೆಮ್ಮಿದಳು. ಮೂಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಮೂರನೆಯದು ಪುಷ್ಪಮ್ಮನದೇ. ಶಿವಮೊಗ್ಗದ ಕಾಲೇಜಿನಲ್ಲಿ ಬಿ.ಎ.ಗೆ ಮನಶ್ಶಾಸ್ತ್ರದ ಒಂದು ಪತ್ರಿಕೆ ಓದಿದ್ದಳು. ಜನರಲ್ಲಿ ಎರಡೇ ಜಾತಿ, ಅಂತರ್ಮುಖಿ ಮತ್ತು ಬಹಿರ್ಮುಖಿ ಎಂದು ಅಲ್ಲಿ ಕಲಿತಿದ್ದಳು. ವರ ಬರೆದ ಕಾಗದವನ್ನು ದೀಪಕ್ಕೆ ಹಿಡಿದು ನೋಡಿದ್ದಳು. ಅಕ್ಷರಗಳು ಬಲಕ್ಕೆ ವಾಲಿ ಓಡುತ್ತಿದ್ದವು. ಒತ್ತಕ್ಷರಗಳು ಕೆಳಗಿನ ಸಾಲನ್ನು ತುಳಿಯುತ್ತಿದ್ದವು. ಅನುಮಾನವೇ ಇಲ್ಲ, ಬಹಿರ್ಮುಖಿ.

ಒಂದನ್ನೊಂದು ಕಂಡರಾಗದ ಮೂರು ಶಾಸ್ತ್ರಗಳು ಒಂದೇ ಮಾತು ಹೇಳಿದ್ದವು. ಅಡ್ಡ ಬಂದದ್ದು ಭೂತಪ್ಪ ಮಾತ್ರ. ಇಡೀ ಸಂಜೆ ಅವನು ಆಡಿದ್ದು ಮೂರು ಮಾತು: ಸಾಕು, ಸಾಕು, ನೀರು.

ಕಟಕ್.

ಪುಷ್ಪಮ್ಮ ಕಂದೀಲು ಹಿಡಿದು ಎದ್ದಳು. ಕೇಳಿಬಿಡುವುದೇ ವಾಸಿ. ಯಾರಾದರೂ ಕಂಡರೆ ಊರು ತುಂಬ ಮಾತಾಗುತ್ತಿತ್ತು. ಆದರೆ ಬದುಕೆಲ್ಲ ಕೂಗು ಕೇಳುವುದಕ್ಕಿಂತ ಅದು ಕಡಿಮೆ.

ಜಗಲಿಯ ಒಂದು ಮೂಲೆಯಲ್ಲಿ ಮಾರಪ್ಪ ಗೊರಕೆ ಹೊಡೆಯುತ್ತಿದ್ದ. ಕಂಬಕ್ಕೊರಗಿ ಕೂತಿದ್ದ ಭೂತಪ್ಪ ಬೆಳಕು ಕಂಡು ಧಡಕ್ಕನೆ ಎದ್ದು ನಿಂತ. ಪುಷ್ಪಮ್ಮ ಕಂದೀಲನ್ನು ಕೂಡಲೇ ನೆಲಕ್ಕಿಟ್ಟು, ಕೈಯನ್ನು ಸೆರಗಿನೊಳಗೆ ಸೇರಿಸಿದಳು.

"ನಿಮಗೆ ಸಿಟ್ಟು ಬರ್ತದಾ?" ಎಂದು ಕೇಳಿದಳು.

"ನಂಗಾ?" ಅವನು ಸುತ್ತ ನೋಡಿದ. "ಬಂದ್ರೂ ಯಾರ ಮೇಲೆ ಅಂತ ಮಾಡೂದು?"

"ಜಾತಕ ಬೇರೆ ಹೇಳ್ತದೆ."

"ಅದು ಅಣ್ಣಂದು. ನಂದು ಗೆದ್ದಲು ತಿಂದಿತ್ತು."

"ಕಾಗದ?"

"ಅಣ್ಣನೇ ಬರ್ದದ್ದು. ನಾನು ಸೀಲು ಹೊಡೀಲಿಕ್ಕೆ ಆದೀತು. ಹೆಣ್ಣಿನ ಮನೆಗೆ ಬರೀಲಿಕ್ಕೆ ಕೂತ್ರೆ ಬೆರಳು ನಡುಗ್ತದೆ."

"ನಾಡಿಯಾದ್ರೂ ನಿಮ್ದೇ ತಾನೆ?"

ಭೂತಪ್ಪ ತಲೆ ತಗ್ಗಿಸಿದ. "ಎದೆ ಹೊಡ್ಕೊಳ್ಳೂದು ಪಂಡಿತ್ರಿಗೆ ಗೊತ್ತಾಗ್ತದೆ ಅಂತ ಅಣ್ಣನೇ ಕೈ ತೂರಿಸಿದ್ರು. ನೀವು ಹೂಂ ಅನ್ನೋ ಮೊದ್ಲು ಹೇಳ್ಬೇಕು ಅಂತಿದ್ದೆ. ಹೆಂಗೆ ಅಂತ ಹೊಳೀದೆ ಅಡಿಕೆ ಕತ್ತರಿಸ್ತಾ ಕೂತೆ."

ಪಕ್ಕದಲ್ಲಿ ಒಂದು ರಾಶಿ ಹೋಳು ಬಿದ್ದಿತ್ತು. ಒಂದನ್ನೂ ಅವನು ಬಾಯಿಗೆ ಹಾಕಿರಲಿಲ್ಲ.

"ಮೂರಕ್ಕೆ ಮೂರೂ ಮೋಸ," ಎಂದಳು ಪುಷ್ಪಮ್ಮ.

"ಹೌದು," ಎಂದ ಅವನು. ದನಿ ಏರಲಿಲ್ಲ.

ಮಾರಪ್ಪ ಮಗ್ಗಲು ಬದಲಿಸಿದ. ಇಬ್ಬರೂ ಉಸಿರು ಬಿಗಿಹಿಡಿದರು. ಗೊರಕೆ ಮತ್ತೆ ಶುರುವಾಯಿತು.

"ನಾನು ಹಿಂಗೇ," ಭೂತಪ್ಪ ಪಿಸುಗುಟ್ಟಿದ. "ಮನೇಲಿ ಒಬ್ರಿಗಾದ್ರೂ ಎದೆಗಾರಿಕೆ ಬೇಕು. ಅದಕ್ಕೇ ಅಣ್ಣನ ಕಾಗದಕ್ಕೆ ನೀವು ಬರ್ದ ಉತ್ತರ ನೋಡಿ ನಾನು ಒಪ್ಪಿದ್ದು. ದಿನಕ್ಕೆ ಐನೂರು ಕಾಗದ ನನ್ನ ಕೈಮೇಲೆ ಹೋಗ್ತವೆ. ಒಂದು ಚಿತ್ತಿಲ್ಲ, ಕಾಟಿಲ್ಲ, ಅಂಥ ಬರವಣಿಗೆ ನಾ ಕಂಡಿಲ್ಲ. ಪಂಡಿತ್ರೂ ಬಂಡೆ ಅಂದ್ರು. ಈಗ ನೋಡಿ, ಇಂಥಾ ಹೊತ್ತಲ್ಲಿ ಒಬ್ರೇ ಬಂದು ಕೇಳ್ತಿದೀರಿ. ನಂಗೆ ಇನ್ನೇನೂ ಬ್ಯಾಡ."

ಪುಷ್ಪಮ್ಮ ಸೆರಗಿನೊಳಗಿನ ಕೈಯನ್ನು ಇನ್ನಷ್ಟು ಒಳಗೆ ಎಳೆದುಕೊಂಡಳು.

"ಬೆಳಿಗ್ಗೆ ಹೂಂ ಅಂತೀನಿ," ಎಂದಳು. "ಮಲ್ಕೊಳ್ಳಿ."

ಪುಷ್ಪಮ್ಮನ ಹನ್ನೊಂದು ಕರಡುಗಳನ್ನು ಒಲೆಗೆ ಹಾಕಿ ಆ ಉತ್ತರವನ್ನು ಒಂದೇ ಉಸಿರಿಗೆ ಬರೆದವಳು ಮೂಕಮ್ಮ. ಬೆವರಿ ತೊಯ್ದಿದ್ದ ಪುಷ್ಪಮ್ಮನ ಕೈಯನ್ನು ಅಮ್ಮ ಹಿಂದಕ್ಕೆಳೆದಾಗ ಪರದೆಯೊಳಗೆ ಹೋದ ಕೈಯೂ ಮೂಕಮ್ಮನದೇ. ಇದನ್ನು ಜನ್ಮದಲ್ಲಿ ಯಾರಿಗೂ ಹೇಳಬಾರದೆಂದು, ಅದರಲ್ಲೂ ಗಂಡನಿಗೆ, ಹೊಸಿಲು ದಾಟುವಷ್ಟರಲ್ಲಿ ಪುಷ್ಪಮ್ಮ ನಿಶ್ಚಯಿಸಿದ್ದಳು.