ಅಜ್ಜಿ ಏನಂದ್ರು?

ಗ್ರೀಸಿನ ಆ ದ್ವೀಪದಲ್ಲಿ ಬೀಚ್ ಕ್ಲಬ್ಬಿನ ಕುಣಿತ ಮಟಮಟ ಮಧ್ಯಾಹ್ನವೇ ಶುರುವಾಗುತ್ತದೆ. ಅಂದು ಕುಣಿಯುವವರ ನಡುವೆ ಕಪ್ಪು ಬಟ್ಟೆಯ ಮುದುಕಿಯೊಬ್ಬಳು ನುಗ್ಗಿ, ಎರಡೂ ಕೈ ಮೇಲೆತ್ತಿ ಕೂಗತೊಡಗಿದಳು.

“ಇಲ್ಲೇ ಹಿಂದುಗಡೆ ಮನೆಯಲ್ಲಿ ನನ್ನ ಗಂಡ ಹಾಸಿಗೆ ಹಿಡಿದಿದ್ದಾನೆ. ನಿಮ್ಮ ಡಬಡಬಕ್ಕೆ ಗೋಡೆ ನಡುಗುತ್ತೆ, ಅವನ ಎದೆ ನಡುಗುತ್ತೆ. ನಿದ್ದೆಯಿಲ್ಲದೆ ಸಾಯ್ತಿದ್ದಾನೆ. ನಿಮ್ಮ ಮನೆ ಹಾಳಾಗ.”

ಮ್ಯಾನೇಜರ್ ಹಾಡು ನಿಲ್ಲಿಸಿದ. ಅವಳ ಭಾಷೆ ಬಲ್ಲವನು ಅಲ್ಲಿ ಅವನೊಬ್ಬನೇ.

ಹುಬ್ಬಳ್ಳಿಯಿಂದ ಮಧುಚಂದ್ರಕ್ಕೆ ಬಂದಿದ್ದ ಹುಡುಗ ಅವನನ್ನು ಇಂಗ್ಲಿಷಿನಲ್ಲಿ ಕೇಳಿದ, “ಅಜ್ಜಿ ಏನಂತಿದ್ದಾರೆ?”

“ಹೊಸ ಜೋಡಿಗಳನ್ನ ಹರಸ್ತಿದ್ದಾರೆ. ನಮ್ಮೂರ ಪದ್ಧತಿ,” ಎಂದ ಮ್ಯಾನೇಜರ್, ಮುಖದ ಒಂದು ಗೆರೆಯೂ ಅಲುಗದಂತೆ.

“ಮತ್ತ ಹಂಗ ನಿಂತ ನೋಡಾಕತ್ತೀರಲ್ರಿ. ಹಿರ್ಯಾರದಾರ, ಕಾಲಿಗೆ ಬೀಳೂಣ ಬರ್ರಿ,” ಎಂದು ಹೆಂಡತಿ ಅವನ ತೋಳು ಹಿಡಿದೆಳೆದಳು. ಇಬ್ಬರೂ ಮರಳಲ್ಲಿ ಬಗ್ಗಿ ಮುದುಕಿಯ ಪಾದ ಮುಟ್ಟಿದರು.

ಮುದುಕಿಯ ಬೈಗುಳ ಬಾಯಲ್ಲೇ ನಿಂತಿತು. ಇಬ್ಬರ ತಲೆಯನ್ನೂ ಸವರಿ, ಒದ್ದೆಗಣ್ಣಲ್ಲಿ ಮ್ಯಾನೇಜರನ ಕಡೆ ತಿರುಗಿದಳು.

“ನೋಡೋ, ಎಲ್ಲಿಯದೋ ದೇಶದ ಮಕ್ಕಳು ಕಾಲು ಹಿಡಿದು ತಪ್ಪಾಯ್ತು ಅಂತಿದ್ದಾರೆ. ನೀನು ನನ್ನ ಕಣ್ಣೆದುರೇ ಹುಟ್ಟಿದವನು. ಇವತ್ತೊಂದು ದಿನ ನಿಲ್ಲಿಸಪ್ಪ, ಅವನು ಮಲಗಲಿ.”

“ಅಜ್ಜಿ ಈಗೇನಂದ್ರು?” ಹುಡುಗಿ ಮಂಡಿಯ ಮರಳು ಕೊಡವುತ್ತ ಕೇಳಿದಳು.

ಮ್ಯಾನೇಜರ್ ಹಾಡಿನ ಪೆಟ್ಟಿಗೆಯ ಗುಂಡಿಯ ಮೇಲೆ ಬೆರಳಿಟ್ಟು ಹೇಳಿದ, “ಇನ್ನೂ ಜೋರಾಗಿ ಹಾಕು ಅಂದ್ರು.”